ನಂಬಿಕೆಯ ಮಾತಿಗೆ ಎದುರಾಗುವ ಅಡ್ಡಿಗಳು



ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಜೂನ್ 13ರಂದು ಸಂತ ಅಂತೋಣಿಯವರ ಹಬ್ಬ ನಡೆಯುತ್ತದೆ. ಅಲ್ಲಿ ಮೇಣದಬತ್ತಿ ಹಚ್ಚಿ ಹರಕೆ ಹೊರುವವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ ಬೌದ್ಧರು ನೆಲೆಸಿದ್ದಾರೆ. ಪರಧರ್ಮ ಈ ಸೀಮೆಗೆ ಹೊಸತಲ್ಲ. ಹಾಗಿದ್ದರೆ ಚರ್ಚು ತನ್ನ ನಂಬಿಕೆಯನ್ನು ಹೇಳಹೊರಟಾಗ ಅಡ್ಡಿ ಬರುವುದೇಕೆ?

ಹರಕೆ ಹೊರುವುದು ಬೇರೆ, ಧರ್ಮ ಬದಲಿಸುವುದು ಬೇರೆ. ಹರಕೆ ಹೊತ್ತವನು ಸಂಜೆ ತನ್ನ ಕೇರಿಗೆ ಮರಳುತ್ತಾನೆ. ಧರ್ಮ ಬದಲಿಸಿದವನಿಗೆ ಕುಲದ ನಂಟು, ಹೆಣ್ಣು-ಗಂಡಿನ ಸಂಬಂಧ, ಊರಹಬ್ಬದ ಪಾಲು ಎಲ್ಲವೂ ಪ್ರಶ್ನೆಯಾಗುತ್ತವೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು, ಇಲ್ಲಿ ಮತಾಂತರದ ಆಸೆ ವ್ಯರ್ಥವೆಂದು 1823ರಲ್ಲಿಯೇ ಬರೆದು ಪ್ರಕಟಿಸಿದ್ದರು.

ಎರಡನೆಯದು ಮೀಸಲಾತಿ. 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳಂತೆ ಹಿಂದೂ, ಸಿಖ್, ಬೌದ್ಧರು ಮಾತ್ರ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಕ್ರೈಸ್ತನಾದವನು ಆ ಸ್ಥಾನ ಕಳೆದುಕೊಳ್ಳುತ್ತಾನೆ. ಪರಿಶಿಷ್ಟ ಪಂಗಡಕ್ಕೆ ಈ ಷರತ್ತಿಲ್ಲ. ಆದುದರಿಂದ ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳ ಜೇನುಕುರುಬರ ಲೆಕ್ಕವೇ ಬೇರೆ, ಪಕ್ಕದ ಊರಿನ ದಲಿತ ಕೇರಿಯ ಲೆಕ್ಕವೇ ಬೇರೆ.

ಮೂರನೆಯದು ಕಾನೂನು. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಕಾಯ್ದೆಯಂತೆ ಧರ್ಮ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಕಾಯ್ದೆಯೊಂದು ರದ್ದಾಗಲು ಸಂಪುಟದ ತೀರ್ಮಾನ ಸಾಲದು, ಶಾಸಕಾಂಗದ ಒಪ್ಪಿಗೆ ಬೇಕು.

ಕೊನೆಯದು ಅತಿ ಸೂಕ್ಷ್ಮವಾದುದು. ಇದೇ ಕಾಯ್ದೆ 'ಆಮಿಷ'ದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತು. ಶಾಲೆ, ಆಸ್ಪತ್ರೆ ನಡೆಸುವುದನ್ನು ಚರ್ಚು ತನ್ನ ನಂಬಿಕೆಯ ಭಾಗವೆಂದೇ ತಿಳಿಯುತ್ತದೆ. ನೋಡುವವರಿಗೆ ಅದೇ ಗಾಳದಂತೆ ಕಾಣಬಹುದು. ಬಡತನವನ್ನು ಬಳಸಿಕೊಂಡು ಮನಸ್ಸು ಕೊಳ್ಳುವುದು ತಪ್ಪು. ಆ ಭಯಕ್ಕೆ ಕಾರಣವಿದೆ. ಆದರೆ ಪ್ರತಿಯೊಂದು ನೆರವನ್ನೂ ಗಾಳವೆಂದರೆ ನಷ್ಟವಾಗುವುದು ಪಾದ್ರಿಗಲ್ಲ, ಹಾಡಿಯ ಮಗುವಿಗೆ.

ಈ ವಿಷಯದ ಚರ್ಚೆಗಳಲ್ಲಿ ಪ್ರಚಾರಕರ ದನಿ ಕೇಳುತ್ತದೆ, ವಿರೋಧಿಸುವವರ ದನಿಯೂ ಕೇಳುತ್ತದೆ. ಕೇಳಿಸಿಕೊಂಡು ನಿರ್ಧರಿಸಬೇಕಾದ ವ್ಯಕ್ತಿಯ ದನಿ ಮಾತ್ರ ಅಪರೂಪ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಮೊದಲು ಹೇಳಿ, ಪ್ರಚಾರವನ್ನು ಆಮೇಲೆ ಹೇಳುತ್ತದೆ. ಒಪ್ಪಲು, ಒಪ್ಪದಿರಲು, ಇದ್ದಲ್ಲೇ ಇರಲು ಆ ವ್ಯಕ್ತಿಗೆ ಎಷ್ಟು ಸ್ವಾತಂತ್ರ್ಯವಿದೆ? ಚರ್ಚೆಯನ್ನು ನೋಡುವಾಗ ಈ ಪ್ರಶ್ನೆಯನ್ನು ಎರಡೂ ಪಕ್ಷಗಳಿಗೆ ಹಾಕಿ ನೋಡಿ.