ಮಣ್ಣು, ನೀರು ಮತ್ತು ಹೆಸರು: ಹರಿದ್ರಾ ಕಣಿವೆಯ ಮಣ್ಣಿನ ಸವಕಳಿಯನ್ನು ಕುರಿತ ಒಂದು ಜಾನಪದೀಯ ವಿವೇಚನೆ

ಪೀಠಿಕೆ

ಮಣ್ಣಿನ ಸವಕಳಿ ಮತ್ತು ಮಳೆನೀರಿನ ಹರಿವನ್ನು ಕುರಿತ ಅಧ್ಯಯನ ಸಾಮಾನ್ಯವಾಗಿ ಕೃಷಿವಿಜ್ಞಾನಿಗಳ ಹಾಗೂ ಎಂಜಿನಿಯರುಗಳ ಕ್ಷೇತ್ರವೆಂದು ಭಾವಿಸಲಾಗಿದೆ. ಜಾನಪದ ವಿದ್ವಾಂಸರು ಕೆರೆಯ ಕಥೆಗಳನ್ನು, ಮಳೆಯ ಗಾದೆಗಳನ್ನು ಸಂಗ್ರಹಿಸಿದ್ದಾರೆ. ಆದರೆ ಈ ಸಾಮಗ್ರಿಯನ್ನು ಮಣ್ಣು ಸಾಗುವ ಭೌತಿಕ ಕ್ರಿಯೆಯೊಂದಿಗೆ ಇಟ್ಟು ನೋಡಿದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ಮಲೆಬೆನ್ನೂರು ಪರಿಸರವನ್ನು ಒಳಗೊಂಡ, ಸೂಳೆಕೆರೆಯಿಂದ ಹರಿಹರದವರೆಗಿನ ಹರಿದ್ರಾ ಕಣಿವೆಯನ್ನು ಆಧಾರವಾಗಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ. ಮಳೆ ಮಣ್ಣನ್ನು ಹೇಗೆ ಒಯ್ಯುತ್ತದೆ? ಅದನ್ನು ತಡೆಯುವ ತಿಳಿವಳಿಕೆ ಜನರ ನುಡಿಯಲ್ಲಿ ಮತ್ತು ಬೇಸಾಯದಲ್ಲಿ ಹೇಗೆ ಅಡಕವಾಗಿದೆ? ಮಣ್ಣು ಉಳಿಸುವ ಭಾರವನ್ನು ಹೊರುವವರು ಯಾರು, ಫಲ ಉಣ್ಣುವವರು ಯಾರು? ಮೂರನೆಯ ಪ್ರಶ್ನೆಗೆ ಈ ಕಣಿವೆಯ ಐತಿಹ್ಯವೊಂದು ನೀಡುವ ಉತ್ತರವೇ ಈ ಬರಹದ ಮುಖ್ಯ ಕಾಳಜಿ.

ಕಣಿವೆಯ ಸ್ವರೂಪ

1997ರಲ್ಲಿ ರೂಪುಗೊಂಡ ದಾವಣಗೆರೆ ಜಿಲ್ಲೆ ಮಲೆನಾಡಿನ ಅಂಚಿಗೂ ಬಯಲುಸೀಮೆಗೂ ನಡುವೆ ಇರುವ ಸೀಮೆ. ಚನ್ನಗಿರಿ ತಾಲ್ಲೂಕಿನ ಗುಡ್ಡಸಾಲಿನ ನೀರು ಸೂಳೆಕೆರೆಯಲ್ಲಿ ನಿಲ್ಲುತ್ತದೆ. ಎರಡು ಗುಡ್ಡಗಳ ನಡುವಣ ಕಿರಿದಾದ ಕಂಡಿಗೆ ಏರಿ ಹಾಕಿ ನಿರ್ಮಿಸಿದ ಈ ಕೆರೆಯ ನೀರು ಸುಮಾರು 27 ಚದರ ಕಿಲೋಮೀಟರಿನಷ್ಟು ಹರಡುತ್ತದೆ. ಸಿದ್ದನಾಲೆ ಮತ್ತು ಬಸವನಾಲೆ ಎಂಬ ಎರಡು ಕಾಲುವೆಗಳು ಇದರಿಂದ ಹೊರಡುತ್ತವೆ. ಕೆರೆಯಿಂದ ಮುಂದೆ ಹರಿಯುವ ಹಳ್ಳವೇ ಹರಿದ್ರಾ. ಅದು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಬಂದ ಬಳಿಕ ಮಲೆಬೆನ್ನೂರಿನ ಸುತ್ತಲ ತಗ್ಗು ಭೂಮಿ ಭತ್ತದ ಗದ್ದೆಯಾಯಿತು. ನಾಲೆ ಹತ್ತಲಾರದ ದಿಣ್ಣೆಯ ಹೊಲಗಳು ಮಳೆಯನ್ನೇ ನೆಚ್ಚಿ ಉಳಿದವು. ಹೀಗೆ ಒಂದೇ ಕಣಿವೆಯಲ್ಲಿ ನೀರುಣ್ಣುವ ಕೆಳಗಿನವರು, ಮಣ್ಣು ಕಳೆದುಕೊಳ್ಳುವ ಮೇಲಿನವರು ಎಂಬ ಎರಡು ಪಾತಳಿಗಳು ಕಾಣುತ್ತವೆ.

ಇಲ್ಲಿನ ಊರುಗಳ ಹೆಸರಿನಲ್ಲಿಯೇ ನೀರನ್ನು ತಡೆದ ನೆನಪಿದೆ. ಮಲೆಬೆನ್ನೂರಿನ ಸಮೀಪದ ಕೊಮಾರನಹಳ್ಳಿಯ ಹೆಳವನಕಟ್ಟೆ ಇದಕ್ಕೆ ಒಳ್ಳೆಯ ನಿದರ್ಶನ. ಹದಿನೆಂಟನೆಯ ಶತಮಾನದ ಹರಿದಾಸಿ ಗಿರಿಯಮ್ಮ ಇಲ್ಲಿನ ರಂಗನಾಥನನ್ನೇ ತನ್ನ ಅಂಕಿತವಾಗಿಸಿಕೊಂಡಳು. ದೇವರ ಹೆಸರಿಗೂ ದೇವರನ್ನು ಹಾಡಿದವಳ ಹೆಸರಿಗೂ ಒಂದು ಕಟ್ಟೆ ಅಂಟಿಕೊಂಡಿರುವುದು, ಈ ಸೀಮೆಯಲ್ಲಿ ನೀರು ನಿಲ್ಲಿಸುವ ಕಾರ್ಯಕ್ಕಿದ್ದ ಮಹತ್ವವನ್ನು ತಿಳಿಸುತ್ತದೆ.

ಮಳೆ ಮಣ್ಣನ್ನು ಒಯ್ಯುವ ಬಗೆ

ಸವಕಳಿ ಹರಿಯುವ ನೀರಿನಿಂದ ಆರಂಭವಾಗುವುದಿಲ್ಲ, ಬೀಳುವ ಹನಿಯಿಂದ ಆರಂಭವಾಗುತ್ತದೆ. ದಪ್ಪ ಹನಿ ಸೆಕೆಂಡಿಗೆ ಎಂಟು ಒಂಬತ್ತು ಮೀಟರ್ ವೇಗದಲ್ಲಿ ಬರಿಯ ನೆಲಕ್ಕೆ ಬಡಿದಾಗ ಮಣ್ಣಿನ ಹೆಂಟೆ ಒಡೆದು ಕಣಗಳು ಸಿಡಿಯುತ್ತವೆ. ಸಿಡಿದ ನುಣ್ಣನೆಯ ಕಣಗಳು ನೆಲದ ರಂಧ್ರಗಳನ್ನು ಮುಚ್ಚುತ್ತವೆ. ಆಗ ನೀರು ಇಂಗುವುದು ಕುಂದಿ, ಮೇಲೆ ಹರಿಯುವುದು ಹೆಚ್ಚುತ್ತದೆ. ಮೊದಲು ತೆಳುವಾದ ಪದರವಾಗಿ ಇಡೀ ಹೊಲದ ಮೇಲೆ ಸರಿಯುವ ನೀರು ಮುಂದೆ ಸಣ್ಣ ಗೀರುಗಳಾಗಿ, ಗೀರುಗಳು ಕೂಡಿ ಕೊರಕಲಾಗಿ, ಕೊರಕಲು ಹಳ್ಳವಾಗಿ ಬೆಳೆಯುತ್ತದೆ. ಕೊರಕಲು ಕಣ್ಣಿಗೆ ಬೀಳುತ್ತದೆ. ಪದರವಾಗಿ ಹೋಗುವ ಮಣ್ಣು ಕಣ್ಣಿಗೆ ಬೀಳುವುದಿಲ್ಲ. ಹೊಲದಲ್ಲಿ ಗರಸು ಮೇಲೆದ್ದಾಗ ಮಾತ್ರ ಅದರ ಅರಿವಾಗುತ್ತದೆ.

ಹೀಗೆ ಮೊದಲು ಹೊರಟುಹೋಗುವುದು ಜೇಡಿ ಮತ್ತು ಸಾವಯವ ಅಂಶ, ಅಂದರೆ ಮಣ್ಣಿನ ಸಾರ. ಆದಕಾರಣ ಹೋದ ಮಣ್ಣಿನ ತೂಕಕ್ಕಿಂತ ಅದರ ಬೆಲೆ ಹೆಚ್ಚು. 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 533.4 ಕೋಟಿ ಟನ್ ಮಣ್ಣು, ಅಂದರೆ ಹೆಕ್ಟೇರಿಗೆ ಸರಾಸರಿ 16.35 ಟನ್, ತನ್ನ ನೆಲೆ ಬಿಟ್ಟು ಕದಲುತ್ತದೆ. ಅದರಲ್ಲಿ ಶೇ. 29ರಷ್ಟು ಸಮುದ್ರ ಸೇರಿದರೆ ಶೇ. 10ರಷ್ಟು ಜಲಾಶಯಗಳಲ್ಲಿ ಹೂಳಾಗಿ ನಿಲ್ಲುತ್ತದೆ. ಉಳಿದುದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದ ಮಣ್ಣು.

ಹರಿದ್ರೆ ತುಂಗಭದ್ರೆಯನ್ನು ಸೇರುವುದರಿಂದ ಈ ಲೆಕ್ಕ ನಮ್ಮ ಕಣಿವೆಗೂ ಅನ್ವಯಿಸುತ್ತದೆ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಅಡಿಯಷ್ಟಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯ ವೇಳೆಗೆ ಸುಮಾರು 105.79 ಟಿ.ಎಂ.ಸಿ. ಅಡಿಗೆ ಇಳಿದಿತ್ತು. ಮೇಲಣ ಸಾವಿರಾರು ಹೊಲಗಳ ಮಣ್ಣು ಹೊಸಪೇಟೆಯ ಬಳಿ ಶೇಖರವಾಗಿ, ಕೆಳಗಣ ರೈತರ ನೀರಿನ ಜಾಗವನ್ನು ಆಕ್ರಮಿಸಿದೆ.

ಹೊಲದ ನುಡಿ, ಹೊಲದ ಉಪಾಯ

1965ರಲ್ಲಿ ಅಮೆರಿಕದ ವಿಶ್‌ಮೈಯರ್ ಮತ್ತು ಸ್ಮಿತ್ ರೂಪಿಸಿದ ಮಣ್ಣು ನಷ್ಟದ ಸೂತ್ರವು ಮಳೆಯ ಬಿರುಸು, ಮಣ್ಣಿನ ಗುಣ, ಇಳಿಜಾರಿನ ಉದ್ದ, ಇಳಿಜಾರಿನ ಕಡಿದು, ಬೆಳೆಯ ಹೊದಿಕೆ, ಸಂರಕ್ಷಣಾ ಕ್ರಮ ಎಂಬ ಆರು ಅಂಶಗಳನ್ನು ಗುಣಿಸುತ್ತದೆ. ಈ ಆರೂ ಅಂಶಗಳಿಗೆ ಬೇಸಾಯಗಾರರ ಪರಂಪರೆಯಲ್ಲಿ ಪ್ರತ್ಯೇಕ ಗಮನ ಇರುವುದು ಕುತೂಹಲಕರ ಸಂಗತಿ.

ಮಳೆಯನ್ನು ಜನಪದರು ನಕ್ಷತ್ರಗಳಿಂದ ಗುರುತಿಸುತ್ತಾರೆ. ಭರಣಿಯಿಂದ ರೋಹಿಣಿಯವರೆಗಿನ ಮುಂಗಾರು ಪೂರ್ವದ ಮಳೆಗಳು ಗುಡುಗು ಸಿಡಿಲಿನೊಡನೆ ರಭಸವಾಗಿ ಸುರಿಯುತ್ತವೆ. ಆಗ ಹೊಲದಲ್ಲಿ ಬೆಳೆಯಿಲ್ಲ, ನೆಲ ಉತ್ತು ಸಡಿಲಗೊಂಡಿದೆ. ಹದಕ್ಕೆ ಕಾರಣವಾಗುವ ಆ ಮಳೆಯೇ ಮಣ್ಣಿಗೆ ಅಪಾಯಕಾರಿಯೂ ಹೌದು. ಗಾದೆಗಳು ಭರಣಿಯನ್ನು ಹೊಗಳುವುದು ನಿಜ. ಆದರೆ ಆ ಹೊಗಳಿಕೆ ಒಡ್ಡು ಗಟ್ಟಿಯಿರುವ ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬೇಸಗೆಯಲ್ಲಿಯೇ ಬದು ಕಟ್ಟಿ, ಒಡೆದ ಒಡ್ಡಿಗೆ ಕಲ್ಲು ಕೂರಿಸುವ ರೂಢಿಯ ಹಿಂದಿನ ತರ್ಕ ಇದು.

ಮಣ್ಣಿನ ಗುಣವನ್ನು ಎರೆ, ಮಸಾರಿ, ಗರಸು ಎಂಬ ವಿಂಗಡಣೆ ಹಿಡಿದುಕೊಡುತ್ತದೆ. ಎರೆ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬಿ ಬಿರುಕು ಮುಚ್ಚಿಕೊಂಡು ನೀರನ್ನು ಒಳಬಿಡುವುದಿಲ್ಲ. ಮಸಾರಿ ಬೇಗ ಕುಡಿಯುತ್ತದೆ, ಆದರೆ ಮೇಲೆ ಹೆಪ್ಪು ಕಟ್ಟುತ್ತದೆ. ಎರಡಕ್ಕೂ ಒಂದೇ ಬಗೆಯ ಬದು ಸಲ್ಲದು. ಬಳ್ಳಾರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಮಣ್ಣು ಸಂರಕ್ಷಣಾ ಸಂಶೋಧನ ಕೇಂದ್ರ ಎರೆ ಭೂಮಿಯನ್ನೇ ಮುಖ್ಯವಾಗಿ ಅಧ್ಯಯನ ಮಾಡಿತು. ಆಳವಾದ ಎರೆಯಲ್ಲಿ ಸಮಪಾತಳಿ ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುವುದು, ಬಿರುಕಿನ ಮೂಲಕ ನೀರು ನುಗ್ಗಿ ಬದು ಒಡೆಯುವುದು ಅನುಭವಕ್ಕೆ ಬಂದ ಮೇಲೆ, ನೀರನ್ನು ನಿಧಾನವಾಗಿ ಹೊರಹಾಕುವ ಓಟವುಳ್ಳ ಬದುಗಳು ಬಳಕೆಗೆ ಬಂದವು. ನೀರನ್ನು ತಡೆಯುವುದಷ್ಟೇ ಅಲ್ಲ, ಅದಕ್ಕೆ ಮರ್ಯಾದೆಯ ದಾರಿ ಕೊಡುವುದೂ ಸಂರಕ್ಷಣೆಯೇ. ಕೆರೆಗೆ ಕೋಡಿ ಇರುವಂತೆ ಹೊಲಕ್ಕೂ ಕೋಡಿ ಬೇಕು.

ಇಳಿಜಾರಿಗೆ ಅಡ್ಡಲಾಗಿ ಕೂರಿಗೆ ಹೊಡೆಯುವುದು, ಎಡೆಕುಂಟೆ ಆಡಿಸಿ ಹೆಪ್ಪು ಒಡೆಯುವುದು, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಮುಂತಾದವನ್ನು ಬೆರೆಸಿ ನೆಲವನ್ನು ಹೆಚ್ಚು ದಿನ ಹಸಿರಾಗಿಡುವುದು ಉಳಿದ ಅಂಶಗಳಿಗೆ ಸಲ್ಲುತ್ತವೆ. ಆದರೆ ಇವನ್ನು ಕಂಡು ಹಿಂದಿನ ಬೇಸಾಯದಲ್ಲಿ ಸವಕಳಿಯೇ ಇರಲಿಲ್ಲವೆಂದು ಭಾವಿಸುವುದು ತಪ್ಪಾದೀತು. ಸವಕಳಿ ಇತ್ತೆಂಬುದಕ್ಕೆ ಕೆರೆಯ ಹೂಳೇ ಸಾಕ್ಷಿ.

ಗೋಡಿನ ಆರ್ಥಿಕತೆ

ಕೆರೆಯ ತಳದಲ್ಲಿ ನಿಂತ ಮೆಕ್ಕಲನ್ನು ಜನ ಗೋಡು ಎನ್ನುತ್ತಾರೆ. ಬೇಸಗೆಯಲ್ಲಿ ನೀರು ಇಂಗಿದಾಗ ಗೋಡನ್ನು ಬಂಡಿಗಳಲ್ಲಿ ಹೊಲಕ್ಕೆ ಹೇರುವುದು ವ್ಯಾಪಕವಾಗಿದ್ದ ಪದ್ಧತಿ. ಹೊಲದಿಂದ ಹೋದ ಜೇಡಿ ಮತ್ತು ಸಾರ ಮರಳಿ ಹೊಲಕ್ಕೇ ಬರುತ್ತಿತ್ತು, ಕೆರೆಯ ಆಳವೂ ಉಳಿಯುತ್ತಿತ್ತು. ಕುಂಬಾರನ ಮಣ್ಣು, ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಭಾದ್ರಪದದ ಗಣಪ ಮತ್ತು ಜೋಕುಮಾರ ಇವೆಲ್ಲ ಮಣ್ಣಿಗೆ ಸಮುದಾಯ ಕೊಟ್ಟ ಬೇರೆ ಬೇರೆ ರೂಪಗಳು. ಈ ಆಚರಣೆಗಳೇ ಕೆರೆಯ ಹೂಳು ತೆಗೆದವೆಂದು ವಾದಿಸುವುದು ಅತಿಶಯೋಕ್ತಿ. ಮಣ್ಣು ಎಲ್ಲಿಂದ ಬಂತು, ಎಲ್ಲಿಗೆ ಮರಳಬೇಕು ಎಂಬ ಅರಿವನ್ನು ಅವು ವರ್ಷವರ್ಷವೂ ನೆನಪಿಸುತ್ತಿದ್ದವು ಎಂಬಷ್ಟು ಮಾತ್ರ ಹೇಳಬಹುದು.

ಹೂಳೆತ್ತುವ ಕೆಲಸ ಕೇವಲ ಭಕ್ತಿಯಿಂದ ನಡೆದುದಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳನ್ನೂ, ಕೆರೆಯ ಮಣ್ಣು ಹೊರುವ ಬಂಡಿ ಕೋಣಗಳಿಗೆ ಬಿಟ್ಟ ಭೂಮಿಯನ್ನೂ ಶಾಸನಗಳು ಹೆಸರಿಸುತ್ತವೆ. ನೀರು ಹಂಚುವ ನೀರಗಂಟಿಗೂ, ಮಣ್ಣು ಕೆಲಸದ ಒಡ್ಡ ಸಮುದಾಯಕ್ಕೂ ಈ ವ್ಯವಸ್ಥೆಯಲ್ಲಿ ಸ್ಥಾನವಿತ್ತು. ಸ್ಥಾನವಿದ್ದ ಮಾತ್ರಕ್ಕೆ ಸಮಾನತೆ ಇತ್ತೆಂದಲ್ಲ. ಏರಿ ಕಟ್ಟಿದವರಿಗೆ ಗದ್ದೆ ದೊರೆತ ಉದಾಹರಣೆಗಳಿಗಿಂತ ಕಟ್ಟಿಸಿದವರಿಗೆ ಕೀರ್ತಿ ದೊರೆತ ಉದಾಹರಣೆಗಳೇ ಹೆಚ್ಚು.

ಕಟ್ಟೆಯ ಕರಾರು

ಹರಿಹರದ ಶಾಸನಗಳು ಈ ದೃಷ್ಟಿಯಿಂದ ಗಮನಾರ್ಹ. ವಿಜಯನಗರದ ಕಾಲದಲ್ಲಿ, ಕ್ರಿ.ಶ. 1410ರಲ್ಲಿ, ಹರಿದ್ರಾ ನದಿಗೆ ಕಟ್ಟೆ ಹಾಕಿ ದೇವರ ಭೂಮಿಯ ಮೂಲಕ ಕಾಲುವೆ ತೆಗೆದುದನ್ನೂ, ನೀರುಣ್ಣುವ ಭೂಮಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಕರಾರನ್ನೂ ಅಲ್ಲಿನ ಶಾಸನ ದಾಖಲಿಸುತ್ತದೆ. 1424ರ ಮತ್ತೊಂದು ಶಾಸನ ಒಡೆದುಹೋದ ಅದೇ ಕಟ್ಟೆಯ ದುರಸ್ತಿಯನ್ನು ಹೇಳುತ್ತದೆ. ಹದಿನಾಲ್ಕು ವರ್ಷಗಳ ಅಂತರದ ಈ ಎರಡು ದಾಖಲೆಗಳಿಂದ ಕಟ್ಟುವುದರಷ್ಟೇ ಕಾಯುವುದೂ ಮುಖ್ಯವೆಂಬುದು ಸ್ಪಷ್ಟವಾಗುತ್ತದೆ. 1369ರ ಪೋರುಮಾಮಿಳ್ಳ ಶಾಸನವಂತೂ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಕೆರೆಯ ನಡುವೆ ದಿಬ್ಬವಿರುವುದು ಆ ದೋಷಗಳಲ್ಲೊಂದು. ಹೂಳು ತುಂಬಿದ ಕೆರೆ ಕಾಲಾಂತರದಲ್ಲಿ ತಾನಾಗಿಯೇ ಈ ದೋಷವನ್ನು ಪಡೆಯುತ್ತದೆ.

ಸೂಳೆಕೆರೆಯ ಐತಿಹ್ಯ

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿಯೂ ಜನರ ಬಾಯಲ್ಲಿಯೂ ಬಂದಿರುವ ಕಥೆಯ ಸಾರ ಇಷ್ಟು. ಸ್ವರ್ಗಾವತಿ ಪಟ್ಟಣದ ಅರಸನ ಮಗಳು ಶಾಂತವ್ವ ಸಿದ್ಧೇಶ್ವರನ ಸಂಗಕ್ಕೆ ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಲು ಹೊರಟಳು. ಮುಳುಗಡೆಯಾಗುವ ನೆಲದಲ್ಲಿ ಸೂಳೆಯರ ಕೇರಿ ಇತ್ತು. ಕೆರೆಗೆ ತಮ್ಮ ಹೆಸರಿರಬೇಕೆಂಬ ಕರಾರಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರು.

ಇದನ್ನು ‘ಕೆರೆಗೆ ಹಾರ’ ಕಥನಗೀತದ ಜೊತೆಗಿಟ್ಟು ನೋಡಬೇಕು. ಅಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಅವಳನ್ನು ಯಾರೂ ಒಪ್ಪಿಗೆ ಕೇಳಲಿಲ್ಲ, ಅವಳು ಕರಾರು ಮಾಡಿಕೊಳ್ಳಲೂ ಇಲ್ಲ. ಸೂಳೆಕೆರೆಯ ಐತಿಹ್ಯದಲ್ಲಿ ಸಮಾಜದ ಅಂಚಿನ ಹೆಂಗಸರು ಒಪ್ಪಂದದ ಒಂದು ಪಕ್ಷವಾಗಿ ನಿಲ್ಲುತ್ತಾರೆ. ಎರಡೂ ಕಥೆಗಳು ಕೇಳುವ ಪ್ರಶ್ನೆ ಒಂದೇ: ಎಲ್ಲರೂ ಕುಡಿಯುವ ನೀರಿಗೆ ಬೆಲೆ ತೆತ್ತವರು ಯಾರು? ಎರಡನೆಯ ಕಥೆ ಅದಕ್ಕೊಂದು ನ್ಯಾಯವನ್ನೂ ಸೂಚಿಸುತ್ತದೆ. ಬೆಲೆ ತೆತ್ತವರಿಗೆ ಕನಿಷ್ಠಪಕ್ಷ ಹೆಸರು ಸಲ್ಲಬೇಕು.

ಇಂದು ಈ ಕೆರೆಗೆ ಶಾಂತಿಸಾಗರವೆಂಬ ಹೆಸರೂ ರೂಢಿಯಲ್ಲಿದೆ. ಸಭ್ಯತೆಯ ದೃಷ್ಟಿಯಿಂದ ಇದು ಸಹಜವೆನಿಸಬಹುದು. ಆದರೆ ಐತಿಹ್ಯದ ದೃಷ್ಟಿಯಿಂದ ಇದು ಕರಾರಿನ ಉಲ್ಲಂಘನೆ. ಕಟ್ಟಿಸಿದವಳ ನೆನಪು ಉಳಿದು, ನೆಲ ಬಿಟ್ಟವರ ನೆನಪು ಅಳಿಸುತ್ತದೆ.

ಬದಲಾದ ಪರಿಸ್ಥಿತಿ

1990ರ ದಶಕದಿಂದೀಚೆಗೆ ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಸೀಮೆಯಾಗಿದೆ. ಅಗಲ ಸಾಲಿನ ಈ ಬೆಳೆ ಮೊದಲ ವಾರಗಳಲ್ಲಿ ನೆಲವನ್ನು ಮುಚ್ಚುವುದಿಲ್ಲ. ಅಕ್ಕಡಿ ಹಿಂದೆ ಸರಿದಿದೆ. ಟ್ರ್ಯಾಕ್ಟರು ತಿರುಗಲು ಅನುಕೂಲವಾಗಲೆಂದು ಬದು ಕಿತ್ತು, ಹೊಲದ ಉದ್ದಕ್ಕೆ, ಅನೇಕ ಸಲ ಇಳಿಜಾರಿನ ಗುಂಟ ಉಳುವುದುಂಟು. ರಸಗೊಬ್ಬರ ಬಂದ ಮೇಲೆ ಗೋಡು ಹೇರುವ ಅಗತ್ಯ ಕಾಣಲಿಲ್ಲ. ಕೆಳಗಿನ ಗದ್ದೆಗೆ ನಾಲೆಯ ನೀರು ಬಂದುದರಿಂದ ಮೇಲಿನ ಹೊಲದ ಹಳ್ಳವನ್ನು ನೋಡಿಕೊಳ್ಳುವ ಕಾರಣವೂ ಕೆಳಗಿನವರಿಗೆ ಉಳಿಯಲಿಲ್ಲ. ಕಣಿವೆಯ ಎರಡು ಪಾತಳಿಗಳ ನಡುವಣ ಪರಸ್ಪರಾವಲಂಬನೆ ಸಡಿಲಗೊಂಡುದೇ ಇಲ್ಲಿನ ಮುಖ್ಯ ಬದಲಾವಣೆ.

2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನೆರೆಯ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ದಿಣ್ಣೆಯಿಂದ ಕಣಿವೆಗೆ ಇಳಿಯುವ ಕ್ರಮವನ್ನು ಅನುಸರಿಸಿತು. ತಾಂತ್ರಿಕವಾಗಿ ಇದು ಸರಿಯಾದ ಕ್ರಮ. ಆದರೆ ಬದುವಿಗೆ ಜಾಗ ಬಿಡುವವನು, ಮೇವು ಮೇಯಿಸದೆ ಗುಡ್ಡ ಬಿಡುವವನು ಮೇಲಿನ ಬಡ ರೈತ ಅಥವಾ ಕುರಿಗಾರ. ಬಾವಿಯಲ್ಲಿ ನೀರೇರುವುದು, ಕೆರೆಯಲ್ಲಿ ಹೂಳು ತಗ್ಗುವುದು ಕೆಳಗಿನವರಿಗೆ. ಯಾವ ಜಲಾನಯನ ಯೋಜನೆಯೂ ತಪ್ಪಿಸಿಕೊಳ್ಳಲಾಗದ ಈ ಪ್ರಶ್ನೆಯನ್ನು ಸೂಳೆಕೆರೆಯ ಕಥೆ ಬಹಳ ಹಿಂದೆಯೇ ಎತ್ತಿದೆ.

ಉಪಸಂಹಾರ

ಒಟ್ಟಾರೆಯಾಗಿ, ಜನಪದರ ಮಣ್ಣಿನ ಜ್ಞಾನವು ಗಾದೆಗಳಲ್ಲಿ ಮಾತ್ರವಲ್ಲದೆ ಪದಗಳಲ್ಲಿ, ಉಪಕರಣಗಳಲ್ಲಿ, ಕರಾರುಗಳಲ್ಲಿ ಹಂಚಿಹೋಗಿದೆ. ಗೋಡು, ಕೋಡಿ, ಅಕ್ಕಡಿ, ಬಿತ್ತುವಟ್ಟ ಎಂಬ ಪದಗಳು ಬಳಕೆಯಿಂದ ಮರೆಯಾದಾಗ ಅವು ಸೂಚಿಸುವ ಹೊಣೆಗಾರಿಕೆಗಳೂ ಮರೆಯಾಗುತ್ತವೆ. ಆದುದರಿಂದ ಕಣಿವೆ ಕಣಿವೆಯ ಮಣ್ಣು ನೀರಿನ ಪದಕೋಶವನ್ನು, ಕಟ್ಟೆ ಕಾಲುವೆಗಳ ಹೆಸರುಗಳನ್ನು ಹಾಗೂ ಅವುಗಳೊಂದಿಗಿನ ಐತಿಹ್ಯಗಳನ್ನು ಬದುಗಳ ನಕ್ಷೆಯೊಡನೆಯೇ ದಾಖಲಿಸುವ ಕಾರ್ಯ ಆಗಬೇಕಾಗಿದೆ. ಸೂಳೆಕೆರೆಯ ಹೂಳೆತ್ತುವ ಬೇಡಿಕೆ ಈ ಭಾಗದಲ್ಲಿ ಕೇಳಿಬರುತ್ತಲೇ ಇದೆ. ಹೂಳನ್ನು ಎತ್ತಿದರೂ ಮೇಲಿನ ಹೊಲದ ಒಡ್ಡು ಗಟ್ಟಿಯಾಗದಿದ್ದರೆ ಅದು ಮತ್ತೆ ತುಂಬುತ್ತದೆ. ಮೇಲಿನವನು ಒಡ್ಡು ಕಾಯಬೇಕಾದರೆ ಕೆಳಗಿನವನ ಫಲದಲ್ಲಿ ಅವನಿಗೂ ಪಾಲು ಇರಬೇಕು. ಹರಿಹರದ ಶಾಸನ ಭೂಮಿಯಲ್ಲಿ ಹಂಚಿದ್ದು, ಸೂಳೆಕೆರೆಯ ಹೆಂಗಸರು ಹೆಸರಿನಲ್ಲಿ ಕೇಳಿದ್ದು ಆ ಪಾಲನ್ನೇ.