ಟಕ್ ಎನ್ನುವ ಸದ್ದಿನ ಲೆಕ್ಕ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿಗೆ ಸೇರಿದ ತಾವರಗೇರಾದಲ್ಲಿ ನಾವು ಕೆಲವು ದಿನ ತಂಗಿದ್ದಾಗ, ಮಿತ್ರರೊಬ್ಬರ ಮೋಟಾರ್ ಸೈಕಲ್ಲಿಗೆ ಒಂದು ವಿಚಿತ್ರ ವ್ಯಾಧಿ ಅಂಟಿಕೊಂಡಿತು. ಗಾಡಿಯ ವೇಗ ಕುಂದಿರಲಿಲ್ಲ. ಪೆಟ್ರೋಲಿನ ಖರ್ಚು ಹೆಚ್ಚಿರಲಿಲ್ಲ. ಆದರೆ ಓಡುವಾಗಲೆಲ್ಲ ಸವಾರನ ಕಾಲ ಬಳಿ ಎಲ್ಲಿಂದಲೋ ‘ಟಕ್, ಟಕ್’ ಎಂಬ ಸದ್ದು ಕೇಳಿಬರುತ್ತಿತ್ತು.

ನಮ್ಮ ಮಿತ್ರರು ಬಟ್ಟೆಯ ಗಂಟನ್ನು ಗಾಡಿಯ ಮೇಲೆ ಹೇರಿ, ಸಂತೆಯಿಂದ ಸಂತೆಗೆ ಹೋಗಿ ಮಾರುವವರು. ಗಾಡಿ ನಿಂತರೆ ಸಂಪಾದನೆಯೂ ನಿಂತಂತೆಯೇ. ಚಹದ ಅಂಗಡಿಯ ಮುಂದೆ ನೆರೆದವರಲ್ಲಿ ಒಬ್ಬರು ಪಿಸ್ಟನ್ ಹೋಗಿದೆ ಎಂದರು. ಇನ್ನೊಬ್ಬರು ವಾಲ್ವ್ ಎಂದರು. ಮತ್ತೊಬ್ಬರು ಗೇರು ಪೆಟ್ಟಿಗೆಯನ್ನೇ ದೂರಿದರು. “ಇಂಜಿನ್ ಬಿಚ್ಚಿಸಿಬಿಡ್ರಿ, ತಡಾ ಮಾಡಬ್ಯಾಡ್ರಿ” ಎಂಬ ಒಂದು ಮಾತಿನಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. ಇಂಜಿನ್ ಬಿಚ್ಚಿಸುವುದೆಂದರೆ ಅವರ ಒಂದು ತಿಂಗಳ ಗಳಿಕೆ ಕೈಬಿಟ್ಟಂತೆ. ಆಗ ವಯಸ್ಸಾದ ಮಿಸ್ತ್ರಿಯೊಬ್ಬರು ಹೇಳಿದರು: “ತಡೀರಿ. ಸದ್ದು ಯಾವುದರ ಜೋಡಿ ತಾಳಾ ಹಾಕತೈತಿ ಅನ್ನೂದು ಮೊದಲ ನೋಡೂಣ್ರಿ.”

ಈ ಸರಳವಾದ ಮಾತಿನಲ್ಲಿ ಯಂತ್ರಶಾಸ್ತ್ರದ ಒಂದು ದೊಡ್ಡ ತತ್ತ್ವವೇ ಅಡಗಿದೆ.

ಕಿವಿ ಮೋಸಹೋಗುವುದೇಕೆ?

ಸದ್ದು ಬಂದ ದಿಕ್ಕನ್ನು ನಾವು ಅರಿಯುವುದು ಬಹುಮಟ್ಟಿಗೆ ಎರಡು ಕಿವಿಗಳ ಸಹಾಯದಿಂದ. ಒಂದು ಪಕ್ಕದಿಂದ ಬಂದ ಸದ್ದು ಆ ಪಕ್ಕದ ಕಿವಿಯನ್ನು ಮೊದಲು ಮುಟ್ಟುತ್ತದೆ. ಇನ್ನೊಂದು ಕಿವಿಯನ್ನು ಮುಟ್ಟಲು ಅದಕ್ಕೆ ಹಿಡಿಯುವ ಹೆಚ್ಚಿನ ಕಾಲ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಮೆ. ಆದರೂ ಮೆದುಳು ಈ ಸೂಕ್ಷ್ಮವನ್ನು ಗುರುತಿಸಬಲ್ಲುದು. ಮೋಟಾರ್ ಸೈಕಲ್ಲಿನಲ್ಲಾದರೋ ಈ ಉಪಾಯ ಸಾಗದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವ ಶಬ್ದವು ಉಕ್ಕಿನಲ್ಲಿ ಸುಮಾರು 5,000 ಮೀಟರು ಚಲಿಸುತ್ತದೆ. ಎಲ್ಲಿಯೋ ಬಿದ್ದ ಪೆಟ್ಟು ಕ್ಷಣಾರ್ಧದಲ್ಲಿ ಗಾಡಿಯ ಚೌಕಟ್ಟನ್ನೆಲ್ಲ ವ್ಯಾಪಿಸಿ, ಟ್ಯಾಂಕಿನ ತಗಡನ್ನೂ ಕಾಲಿಡುವ ಕಂಬಿಯನ್ನೂ ನಡುಗಿಸುತ್ತದೆ. ಗಾಳಿಯ ಭೋರ್ಗರೆತವೂ ತಲೆಯ ಮೇಲಿನ ಹೆಲ್ಮೆಟ್ಟೂ ಸೇರಿದರೆ, ಸದ್ದಿನ ನೆಲೆಯನ್ನು ಹೇಳಲು ಕಿವಿ ಅಸಮರ್ಥವಾಗುತ್ತದೆ.

ನೆಲೆಯನ್ನು ಹೇಳಲಾರದ ಕಿವಿ ತಾಳವನ್ನು ಮಾತ್ರ ತಪ್ಪದೆ ಹೇಳುತ್ತದೆ. ಗಾಡಿಯ ಒಂದೊಂದು ಭಾಗಕ್ಕೂ ಅದರದೇ ಆದ ತಾಳವುಂಟು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಕ್ರಾಂಕ್ ದಂಡವು ಎರಡು ಸುತ್ತು ಸುತ್ತಿದಾಗ ಒಂದೊಂದು ವಾಲ್ವೂ ಒಂದು ಸಲ ತೆರೆಯುತ್ತದೆ. ನಿಂತಲ್ಲೇ ನಿಮಿಷಕ್ಕೆ 1,200 ಸುತ್ತು ತಿರುಗುವ ಇಂಜಿನ್ನಿನಲ್ಲಿ ವಾಲ್ವಿನ ಸದ್ದು ಸೆಕೆಂಡಿಗೆ 10 ಸಲ ಬರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಂಥ ಎರಡು ಹೊಡೆತದ ಗಾಡಿಗಳಲ್ಲಿ ಇಂಥ ವಾಲ್ವುಗಳೇ ಇಲ್ಲ; ಅಲ್ಲಿ ವಾಲ್ವನ್ನು ಶಂಕಿಸುವುದು ವ್ಯರ್ಥ. ಯಂತ್ರದೊಳಗೆ ಏನಿದೆ, ಏನಿಲ್ಲ ಎಂಬುದನ್ನು ಅರಿಯುವುದೇ ಪರೀಕ್ಷೆಯ ಮೊದಲ ಮೆಟ್ಟಲು.

ಮೂರು ಪರೀಕ್ಷೆಗಳು

ಮಿಸ್ತ್ರಿಯವರು ಮೊದಲು ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು ಇಂಜಿನ್ನಿನ ವೇಗವನ್ನು ಏರಿಸಿದರು, ಇಳಿಸಿದರು. ‘ಟಕ್’ ಕೇಳಲಿಲ್ಲ. ಎರಡನೆಯದಾಗಿ, ನಮ್ಮನ್ನು ಹಿಂದೆ ಕೂರಿಸಿಕೊಂಡು, ಜನಸಂಚಾರವಿಲ್ಲದ ರಸ್ತೆಯಲ್ಲಿ ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಎರಡನೆಯ ಗೇರಿನಲ್ಲೊಮ್ಮೆ, ಮೂರನೆಯ ಗೇರಿನಲ್ಲೊಮ್ಮೆ ಓಡಿಸಿದರು. ಗೇರು ಬದಲಾದಾಗ ಇಂಜಿನ್ನಿನ ವೇಗ ಬದಲಾಯಿತು. ಸದ್ದಿನ ತಾಳ ಬದಲಾಗಲಿಲ್ಲ. ಗಾಡಿಯ ವೇಗವನ್ನು ಇಮ್ಮಡಿಗೊಳಿಸಿದಾಗ ತಾಳವೂ ಇಮ್ಮಡಿಯಾಯಿತು. ಅಂದಮೇಲೆ ಸದ್ದು ಅನುಸರಿಸುತ್ತಿದ್ದುದು ಇಂಜಿನ್ನನ್ನಲ್ಲ, ಹಿಂದಿನ ಗಾಲಿಯನ್ನೋ ಅದರೊಡನೆ ತಿರುಗುವ ಇನ್ನಾವುದನ್ನೋ ಎಂಬುದು ಸ್ಪಷ್ಟವಾಯಿತು.

ಇನ್ನು ಮೂರನೆಯ ಪರೀಕ್ಷೆ ಎಣಿಕೆಯದು. ಗಂಟೆಗೆ 18 ಕಿಲೋಮೀಟರೆಂದರೆ ಸೆಕೆಂಡಿಗೆ 5 ಮೀಟರು. ಆ ಗಾಡಿಯ ಗಾಲಿಯ ಸುತ್ತಳತೆ ಸುಮಾರು 1.9 ಮೀಟರು. ದೋಷವು ಗಾಲಿಯಲ್ಲಿದ್ದರೆ ಸೆಕೆಂಡಿಗೆ 2.6 ಸಲದಂತೆ ಸದ್ದು ಬರಬೇಕು. ಗಾಲಿಯ ಹಲ್ಲುಚಕ್ರಕ್ಕೆ 42 ಹಲ್ಲು, ಇಂಜಿನ್ನಿನ ಬಳಿಯ ಚಿಕ್ಕ ಚಕ್ರಕ್ಕೆ 14 ಹಲ್ಲು. ಗಾಲಿ ಒಂದು ಸುತ್ತು ಬರುವಲ್ಲಿ ಚಿಕ್ಕ ಚಕ್ರ ಮೂರು ಸುತ್ತು ಬರುವುದರಿಂದ, ದೋಷ ಅಲ್ಲಿದ್ದರೆ ಸದ್ದು ಸೆಕೆಂಡಿಗೆ ಸುಮಾರು 8 ಸಲ ಬರಬೇಕು. ನಾವು ಗಡಿಯಾರ ಹಿಡಿದು ಎಣಿಸಿದಾಗ ಬಂದದ್ದಾದರೋ ಸೆಕೆಂಡಿಗೆ ಸುಮಾರು ಒಂದೇ ಒಂದು! ಗಾಲಿಗಿಂತಲೂ ನಿಧಾನವಾಗಿ ಸುತ್ತುವ ವಸ್ತು ಯಾವುದು?

ಚೈನು! ಅದರಲ್ಲಿ 108 ಕೊಂಡಿಗಳಿದ್ದವು. ಗಾಲಿಯ ಒಂದು ಸುತ್ತಿಗೆ 42 ಕೊಂಡಿಗಳು ಸರಿಯುತ್ತವೆ. ಜಪಮಾಲೆಯ ಮೇರುಮಣಿ ಪೂರ್ತಿ 108 ಮಣಿಗಳಿಗೊಮ್ಮೆ ಬೆರಳಿಗೆ ಸಿಗುವಂತೆ, ಒಂದೇ ಕೊಂಡಿ ಮತ್ತೆ ಅದೇ ಹಲ್ಲುಚಕ್ರದ ಬಳಿಗೆ ಬರಲು ಗಾಲಿಯು 108ನ್ನು 42ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 2.57 ಸುತ್ತು ತಿರುಗಬೇಕು. ಅಷ್ಟರಲ್ಲಿ ಗಾಡಿ ಕ್ರಮಿಸುವ ದೂರ 4.9 ಮೀಟರು. ಸೆಕೆಂಡಿಗೆ ಒಂದು ಸದ್ದು! ಲೆಕ್ಕ ಕೂಡಿಬಂದಿತು.

ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿ, ಟೈರಿಗೆ ಸುಣ್ಣದ ಗುರುತು ಹಾಕಿ ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದೆವು. ಎರಡೂವರೆ ಸುತ್ತಿಗೊಮ್ಮೆ ಒಂದು ಕೊಂಡಿ ಚಕ್ರವನ್ನು ಬಿಟ್ಟ ಮೇಲೂ ನೆಟ್ಟಗಾಗದೆ, ಮಡಿಸಿದ ಮೊಣಕೈಯಂತೆ ಡೊಂಕಾಗಿಯೇ ಸಾಗುತ್ತಿತ್ತು. ಕಳ್ಳ ಸಿಕ್ಕಿಬಿದ್ದ!

ಧೂಳಿನ ಕೈವಾಡ

1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿ ರೂಪಿಸಿದ ರೋಲರ್ ಚೈನೇ ಇಂದಿನ ಮೋಟಾರ್ ಸೈಕಲ್ಲುಗಳ ಚೈನಿಗೆ ಮೂಲ. ಇದರ ಪ್ರತಿಯೊಂದು ಕೀಲಿನಲ್ಲಿಯೂ ಒಂದು ಕೊಳವೆ, ಅದರೊಳಗೆ ಒಂದು ಪಿನ್ನು, ಹೊರಗೆ ಉರುಳುವ ಒಂದು ರೋಲರು ಇವೆ. ಪಿನ್ನು ಕೊಳವೆಗಳ ನಡುವೆ ಎಣ್ಣೆ ಇರುವವರೆಗೆ ಕೀಲು ಸರಾಗವಾಗಿ ಮಡಿಯುತ್ತದೆ. ಕುಷ್ಟಗಿ, ಇಳಕಲ್ಲುಗಳ ಸುತ್ತಮುತ್ತಲಿನದು ಗ್ರಾನೈಟ್ ಶಿಲೆಯ ನಾಡು. ಆ ಶಿಲೆ ಸವೆದು ಹುಟ್ಟಿದ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಇವು ಸಾಧಾರಣ ಕಬ್ಬಿಣಕ್ಕಿಂತ ಗಡುಸು. ಎಣ್ಣೆಯೊಡನೆ ಬೆರೆತಾಗ ಇವು ಸಾಣೆಯ ಕೆಲಸವನ್ನೇ ಮಾಡುತ್ತವೆ. ಎಣ್ಣೆ ಒಣಗಿ ತುಕ್ಕು ಸೇರಿದರೆ ಕೀಲು ಬಿಗಿದುಕೊಳ್ಳುತ್ತದೆ. ಚೈನು ‘ಉದ್ದವಾಯಿತು’ ಎನ್ನುವುದೂ ಉಕ್ಕು ಹಿಗ್ಗಿದ್ದರಿಂದಲ್ಲ. ಒಂದೊಂದು ಕೀಲು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸವೆದರೂ 108 ಕೀಲುಗಳಲ್ಲಿ ಒಟ್ಟು ಸುಮಾರು ಒಂದು ಸೆಂಟಿಮೀಟರು ಸಡಿಲವಾಗುತ್ತದೆ.

ಮಿಸ್ತ್ರಿಯವರು ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆ ಕೊಂಡಿಯನ್ನು ಅತ್ತಿತ್ತ ಮೆಲ್ಲನೆ ಬಾಗಿಸಿ ಸಡಿಲಗೊಳಿಸಿ, ಒರಸಿ ಒಣಗಿಸಿ, ಗೇರು ಎಣ್ಣೆ ಹಾಕಿದರು. ಸದ್ದು ನಿಂತಿತು. ಮಿತ್ರರು ಮರುದಿನದ ಸಂತೆಯನ್ನು ತಪ್ಪಿಸಿಕೊಳ್ಳಲಿಲ್ಲ. ಹೀಗೆ ಮಾಡಿದರೂ ಕೊಂಡಿ ಸಡಿಲವಾಗದಿದ್ದರೆ, ಇಲ್ಲವೆ ಚೈನು ಮಿತಿಮೀರಿ ಸವೆದಿದ್ದರೆ, ಹಲ್ಲುಚಕ್ರಗಳೊಡನೆ ಅದನ್ನು ಬದಲಾಯಿಸುವುದೇ ಲೇಸು. ಓಡುವಾಗ ಚೈನು ತುಂಡಾಗಿ ಗಾಲಿಗೆ ಸಿಕ್ಕಿದರೆ ಸವಾರನ ಪ್ರಾಣಕ್ಕೇ ಸಂಚಕಾರ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಇಂಜಿನ್ ನಡೆಯುತ್ತಿರುವಾಗ ಚೈನಿನ ಬಳಿ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಬಾರದು. ಹಲ್ಲುಚಕ್ರದ ಹಿಡಿತಕ್ಕೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ಆ ದಿನ ನಾವು ಬಳಸಿದ ಉಪಕರಣಗಳೆಂದರೆ ಒಂದು ಗಡಿಯಾರ, ಒಂದು ಚೂರು ಸುಣ್ಣ, ಪ್ರೌಢಶಾಲೆಯಲ್ಲಿ ಕಲಿತ ಭಾಗಾಕಾರ. ಮುಂದೆ ಯಾವುದಾದರೂ ಯಂತ್ರವು ನಿಮ್ಮ ಮುಂದೆ ‘ಟಕ್’ ಎಂದಾಗ, ಕೂಡಲೆ ಸ್ಪ್ಯಾನರಿಗೆ ಕೈಹಾಕದೆ, ಮೊದಲು ಎಣಿಸಿ ನೋಡಿ.