ತಿನ್ನುವುದು ಗೆದ್ದಲು, ಅರಗಿಸುವವರು ಬೇರೆ!

ಬಾಗಿಲ ಚೌಕಟ್ಟು, ಹಳೆಯ ಪುಸ್ತಕದ ಕಟ್ಟು, ತೋಟದ ಬೇಲಿಗೂಟ – ಗೆದ್ದಲು ಹಿಡಿಯಿತೆಂದರೆ ಕೊನೆಗೆ ಉಳಿಯುವುದು ಮಣ್ಣು ಮಾತ್ರ. ಮನೆಮಂದಿ ಅದನ್ನು ಶಪಿಸುವುದು ಸಹಜವೇ. ಆದರೆ ಕೊಂಚ ಯೋಚಿಸಿ. ಒಣ ಕಟ್ಟಿಗೆಯಲ್ಲಿ ತಿನ್ನಲು ಏನಿದೆ? ನಾವು ಅದನ್ನು ಪುಡಿ ಮಾಡಿ ನುಂಗಿದರೂ ಹೊಟ್ಟೆ ತುಂಬದು. ಗೆದ್ದಲಿಗೆ ಅದೇ ಮೃಷ್ಟಾನ್ನ. ಇದು ಹೇಗೆ ಸಾಧ್ಯ?

ಕೊಂಡಿಯಲ್ಲಿದೆ ಗುಟ್ಟು

ಮರದ ಮುಖ್ಯ ಅಂಶ ಸೆಲ್ಯುಲೋಸ್. ಅನ್ನದಲ್ಲಿರುವ ಪಿಷ್ಟದಂತೆ ಅದೂ ಗ್ಲೂಕೋಸ್ ಅಣುಗಳ ಸರಪಳಿಯೇ. ವ್ಯತ್ಯಾಸವಿರುವುದು ಅಣುಗಳನ್ನು ಜೋಡಿಸುವ ಕೊಂಡಿಯಲ್ಲಿ. ಪಿಷ್ಟದ ಕೊಂಡಿ ಕಳಚುವ ಕಿಣ್ವ ನಮ್ಮ ಜೊಲ್ಲಿನಲ್ಲೇ ಇದೆ. ಸೆಲ್ಯುಲೋಸಿನ ಕೊಂಡಿ ಕಳಚುವ ಕಿಣ್ವ ನಮ್ಮಲ್ಲಿಲ್ಲ. ಸಾಲದೆಂಬಂತೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಈ ಸರಪಳಿಗಳನ್ನು ಗಾರೆಯಂತೆ ಬಿಗಿದಿರುತ್ತದೆ.

ಗೆದ್ದಲಿನ ಹಿಂಗರುಳಿನಲ್ಲಿ ಏಕಕೋಶ ಜೀವಿಗಳು ಕಿಕ್ಕಿರಿದಿರುವುದನ್ನು 1870ರ ದಶಕದಲ್ಲೇ ಅಮೆರಿಕದ ಜೋಸೆಫ್ ಲೀಡಿ ಕಂಡಿದ್ದರು. ಅವನ್ನು ಅವರು ಪರೋಪಜೀವಿಗಳೆಂದು ಕರೆದರು. ಅವು ಅತಿಥಿಗಳಲ್ಲ, ಅನ್ನದಾತರು ಎಂದು ತೋರಿಸಿದವರು ಎಲ್. ಆರ್. ಕ್ಲೀವ್‌ಲ್ಯಾಂಡ್. 1920ರ ದಶಕದ ಅವರ ಪ್ರಯೋಗ ಬಹು ಸರಳ. ಗೆದ್ದಲುಗಳನ್ನು 36 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ದಿನ ಇಟ್ಟರು. ಗೆದ್ದಲು ಬದುಕಿತು, ಒಳಗಿನ ಜೀವಿಗಳು ಸತ್ತವು. ಆಮೇಲೂ ಗೆದ್ದಲು ಎಂದಿನಂತೆ ಮರ ತಿಂದಿತು. ಆದರೂ ಕೆಲವೇ ವಾರಗಳಲ್ಲಿ ಹಸಿವಿನಿಂದ ಸತ್ತಿತು! ಆ ಜೀವಿಗಳನ್ನು ಮತ್ತೆ ಕರುಳಿಗೆ ಸೇರಿಸಿದಾಗ ಗೆದ್ದಲು ಉಳಿದುಕೊಂಡಿತು.

ಕರುಳೇ ಕಾರ್ಖಾನೆ

ಗೆದ್ದಲು ಮರವನ್ನು ನುಣ್ಣಗೆ ಅಗಿದು ಕಳಿಸುತ್ತದೆ. ಏಕಕೋಶ ಜೀವಿಗಳು ಆ ಚೂರುಗಳನ್ನು ನುಂಗಿ, ಸೆಲ್ಯುಲೋಸನ್ನು ಒಡೆದು, ಹುದುಗಿಸುತ್ತವೆ. ಆಗ ಹೊರಬರುವುದು ಅಸಿಟೇಟ್, ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕ. ಅಸಿಟೇಟೇ ಗೆದ್ದಲಿನ ಇಂಧನ. ಉಳಿದ ಎರಡು ಅನಿಲಗಳನ್ನು ಕೆಲವು ಬ್ಯಾಕ್ಟೀರಿಯಗಳು ಕೂಡಿಸಿ ಮತ್ತಷ್ಟು ಅಸಿಟೇಟ್ ಮಾಡುತ್ತವೆ. ಬೇರೆ ಕೆಲವು ಸೂಕ್ಷ್ಮಜೀವಿಗಳು ಅವುಗಳಿಂದ ಮೀಥೇನ್ ತಯಾರಿಸುತ್ತವೆ. ಮರದಲ್ಲಿ ಸಾರಜನಕ ತೀರ ಕಡಿಮೆ. ಆ ಕೊರತೆ ನೀಗಲು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಗಳೂ ಅಲ್ಲಿವೆ. ಅವರೆಬಳ್ಳಿಯ ಬೇರುಗಂಟಿನಲ್ಲಿ ನಡೆಯುವ ಕೆಲಸವೇ ಇಲ್ಲಿ ಕೀಟದ ಕರುಳಿನಲ್ಲಿ!

ಒಂದು ತೊಡಕಿದೆ. ಪೊರೆ ಕಳಚುವಾಗ ಹಿಂಗರುಳಿನ ಒಳಪದರವೂ ಕಳಚಿ, ಜೀವಿಗಳೆಲ್ಲ ಹೊರಬೀಳುತ್ತವೆ. ಆಗ ಗೆದ್ದಲು ಜೊತೆಗಾರರ ಹಿಂಗರುಳಿನ ದ್ರವವನ್ನು ಹೀರಿ ಹೊಸ ಸಂಸಾರ ಹೂಡಬೇಕು. ಒಂಟಿಯಾಗಿದ್ದರೆ ಸಾವೇ ಗತಿ. ಗೆದ್ದಲು ಒಟ್ಟಾಗಿ ಬಾಳಲು ಕಲಿತದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ಅನೇಕ ವಿಜ್ಞಾನಿಗಳ ಊಹೆ.

ಹಾಗಾದರೆ ಗೆದ್ದಲಿಗೆ ಸ್ವಂತ ಕಿಣ್ವವೇ ಇಲ್ಲವೆ? ಬಹುಕಾಲ ಹಾಗೆಂದೇ ನಂಬಲಾಗಿತ್ತು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಸೆಲ್ಯುಲೋಸ್ ಒಡೆಯುವ ಕಿಣ್ವದ ಜೀನನ್ನು ಗೆದ್ದಲಿನಲ್ಲೇ ಪತ್ತೆಹಚ್ಚಿದರು. ಅಂದರೆ ಕೆಲಸ ಶುರುಮಾಡುವುದು ಗೆದ್ದಲು, ಪೂರೈಸುವುದು ಒಳಗಿನವರು.

ಹುತ್ತದೊಳಗಿನ ಬೇಸಾಯ

ನಮ್ಮ ಹೊಲದ ಬದುಗಳಲ್ಲಿ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಗೆದ್ದಲಿನ ದಾರಿ ಬೇರೆ. ಅದರ ಕರುಳಿನಲ್ಲಿ ಬ್ಯಾಕ್ಟೀರಿಯಗಳುಂಟು, ಮರ ನುಂಗುವ ಆ ಏಕಕೋಶ ಜೀವಿಗಳಿಲ್ಲ. ಅದು ಹುತ್ತದೊಳಗೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಅರೆಬರೆ ಅರಗಿದ ಸೊಪ್ಪುಸದೆಯ ಹಿಕ್ಕೆಯಿಂದ ಜೇನುಹಲ್ಲೆಯಂಥ ದಿಂಡು ಕಟ್ಟಿ, ಅದರ ಮೇಲೆ ಬೇಸಾಯ! ಶಿಲೀಂಧ್ರ ಲಿಗ್ನಿನ್ನನ್ನೂ ಸಡಿಲಿಸುತ್ತದೆ. ಹಣ್ಣಾದ ದಿಂಡನ್ನು ಗೆದ್ದಲು ಉಣ್ಣುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ಶಿಲೀಂಧ್ರದ್ದೇ. (ಗುರುತು ಬಲ್ಲ ಹಿರಿಯರ ಸಹಾಯವಿಲ್ಲದೆ ಯಾವ ಅಣಬೆಯನ್ನೂ ತಿನ್ನಬಾರದು.)

ಲೋಕದಲ್ಲಿ ಸುಮಾರು 3,000 ಬಗೆಯ ಗೆದ್ದಲುಗಳಿವೆ. ನಮಗೆ ಕಾಟ ಕೊಡುವುವು ಅವುಗಳಲ್ಲಿ ಹತ್ತನೆಯ ಒಂದು ಪಾಲೂ ಇಲ್ಲ. ಉಳಿದವು ಬಿದ್ದ ಮರ, ತರಗೆಲೆಗಳನ್ನು ಮತ್ತೆ ಮಣ್ಣಿಗೆ ಸೇರಿಸುತ್ತವೆ. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಹಳೆಯ ಕುರ್ಚಿಯಿಂದ ಒಂದು ಒಣಮರದ ಗೆದ್ದಲನ್ನು ಹಿಡಿದು, ಅದರ ಹಿಂಗರುಳನ್ನು ತೆಳು ಉಪ್ಪುನೀರಿನ ಹನಿಯಲ್ಲಿ ಬಿಡಿಸಿ ನೋಡಿ. ತಡಮಾಡಬೇಡಿ, ಆಮ್ಲಜನಕ ತಾಗಿದರೆ ಆ ಜೀವಿಗಳು ಬೇಗ ಸಾಯುತ್ತವೆ.